ದಪ್ಪ ವೆಲ್ಡಿಂಗು, ಸೊಟ್ಟ ಕೂರಿಗೆ

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕೂರಿಗೆ, ಕುಂಟೆ, ಟ್ರಾಲಿ ಮಾಡಿಸಲು ಹೋದ ರೈತರು ವೆಲ್ಡಿಂಗ್ ಅಂಗಡಿ ಮುಂದೆ ನಿಂತು ಹೇಳುವ ಮಾತು ಒಂದೇ. "ಇನ್ನೊಂದು ಸುತ್ತು ಹೊಡೀರಿ, ಗಟ್ಟಿ ಆಗ್ಲಿ." ವೆಲ್ಡಿಂಗ್ ಮಾಡುವವನಿಗೆ ರಾಡಿನ ಲೆಕ್ಕದಲ್ಲಿ ಹಣ. ಅವನೇಕೆ ಬೇಡ ಅಂತಾನೆ? ಹೊಡೀತಾನೆ. ಸಾಮಾನು ನೋಡಲು ದಷ್ಟಪುಷ್ಟ ಕಾಣುತ್ತದೆ. ಆದರೆ ಅದು ಗಟ್ಟಿಯೂ ಆಗಿರುವುದಿಲ್ಲ, ನೆಟ್ಟಗೂ ಇರುವುದಿಲ್ಲ. ಈ ಪದ್ಧತಿ ನಿಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ. ಇದರಿಂದ ಹೋಗುವುದು ನಾಲ್ಕು ರಾಡಿನ ಹಣ ಅಷ್ಟೇ ಅಲ್ಲ, ಹೊಲದಲ್ಲಿ ಒಂದು ಸಾಲು ಬೆಳೆ ಹೋಗುತ್ತದೆ.

ನಾನು ಏಳನೇ ಇಯತ್ತೆವರೆಗೆ ಓದಿದವ, ನನ್ನದು ಪೂರಾ ಮಳೆ ನಂಬಿದ ಎರಿಹೊಲ. ನಮ್ಮ ಸೋದರಳಿಯ ಐಟಿಐ ಕಲಿತವ. ಮನೆಯಲ್ಲಿ ಒಂದು ಸಣ್ಣ ವೆಲ್ಡಿಂಗ್ ಮಷಿನ್ ಇದೆ, ಊರಿನ ಕುಂಟೆ-ಕೂರಿಗೆ ರಿಪೇರಿಗೆ ಬರುತ್ತವೆ. ಬಂದ ಸಾಮಾನುಗಳಲ್ಲಿ ಬೆಸುಗೆ ಕಡಿಮೆಯಾಗಿ ಮುರಿದದ್ದಕ್ಕಿಂತ ಬೆಸುಗೆ ಹೆಚ್ಚಾಗಿ ಕೆಟ್ಟದ್ದೇ ಜಾಸ್ತಿ ಕಂಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಲಕ್ಕೂ ವೆಲ್ಡಿಂಗಿಗೂ ಏನು ಸಂಬಂಧ?

ಹಿಂಗಾರಿ ಬಿಳಿಜೋಳ ಬಿತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರಿ, ಹಸ್ತ ಮಳೆ ಆಗಿ ಹೊಲ ಹದಕ್ಕೆ ಬಂದ ಮೇಲೆ ನಮಗೆ ಸಿಗುವುದು ನಾಲ್ಕಾರು ದಿನ. ಮೇಲಿನ ಎರಡು ಇಂಚು ಮಣ್ಣು ಬಿಸಿಲಿಗೆ ಬೇಗ ಆರುತ್ತದೆ. ಬೀಜ ಅದರ ಕೆಳಗೆ, ಹಸಿಯಲ್ಲಿ ಕೂಡಬೇಕು. ಐದು ತಾಳಿನ ಟ್ರ್ಯಾಕ್ಟರ್ ಕೂರಿಗೆ ತಗೊಳ್ಳಿ. ಸಾಲಿನಿಂದ ಸಾಲಿಗೆ 18 ಇಂಚು, ಅಂದರೆ ಈ ಕಡೆಯ ತಾಳಿನಿಂದ ಆ ಕಡೆಯ ತಾಳಿಗೆ ಆರು ಅಡಿ. ಈ ಆರು ಅಡಿಯ ಕಬ್ಬಿಣದ ದಿಂಡು ನಡುವೆ ಮುಕ್ಕಾಲು ಇಂಚು ಮೇಲಕ್ಕೆ ಎದ್ದಿದ್ದರೆ ಏನಾಗುತ್ತದೆ? ಅಂಚಿನ ಎರಡು ತಾಳು ಹಸಿಗೆ ಮುಟ್ಟುತ್ತವೆ, ನಡುವಿನದು ಒಣ ಮಣ್ಣಿನಲ್ಲಿ ಬೀಜ ಬಿಟ್ಟು ಹೋಗುತ್ತದೆ. ನಡುವಿನ ತಾಳು ಹಸಿಗೆ ಮುಟ್ಟಲಿ ಅಂತ ಕೂರಿಗೆ ಇಳಿಸಿದರೆ ಅಂಚಿನ ಬೀಜ ಆಳಕ್ಕೆ ಹೋಗಿ ತಡವಾಗಿ ಏಳುತ್ತದೆ ಅಥವಾ ಏಳುವುದೇ ಇಲ್ಲ. ಕಡಲೆ ಆಳ-ಮೇಲು ಸ್ವಲ್ಪ ತಡೆಯುತ್ತದೆ, ಜೋಳ ತಡೆಯುವುದಿಲ್ಲ.

ಐದು ಸಾಲಿನಲ್ಲಿ ಒಂದು ಸಾಲು ಹುಟ್ಟಲಿಲ್ಲ ಅಂದರೆ ನೂರಕ್ಕೆ ಇಪ್ಪತ್ತು ಹೋಯಿತು. ಆಗ ನಾವು ಬೈಯುವುದು ಬೀಜದ ಅಂಗಡಿಯವನನ್ನು, ಇಲ್ಲದಿದ್ದರೆ ಮಳೆರಾಯನನ್ನು. ಹೊಲದ ಉದ್ದಕ್ಕೂ ಪ್ರತಿ ಐದನೇ ಸಾಲು ಬೋಳು ಕಾಣಿಸಿದರೆ ಅದು ಬೀಜದ ತಪ್ಪಲ್ಲ. ಬೀಜ ಕೆಟ್ಟಿದ್ದರೆ ಎಲ್ಲ ಸಾಲೂ ತೆಳ್ಳಗಾಗಬೇಕಿತ್ತು. ಮನೆಗೆ ಬಂದು ಕೂರಿಗೆಯ ದಿಂಡಿಗೆ ಒಂದು ಹುರಿ ಹಿಡಿದು ನೋಡ್ರಿ.

ಕಬ್ಬಿಣ ಯಾಕೆ ಸೊಟ್ಟಾಗುತ್ತದೆ

ಎತ್ತಿನ ಗಾಡಿಯ ಗಾಲಿಗೆ ಹಳಿ ಕಟ್ಟುವುದನ್ನು ನಮ್ಮ ವಯಸ್ಸಿನವರೆಲ್ಲ ನೋಡಿದ್ದೇವೆ. ಹಳಿಯನ್ನು ಗಾಲಿಗಿಂತ ಸ್ವಲ್ಪ ಸಣ್ಣದು ಮಾಡುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಗಾಲಿಗೆ ಏರಿಸಿ ನೀರು ಹೊಯ್ದರೆ ಕುಗ್ಗಿ, ಕಟ್ಟಿಗೆಯ ಅರಗಳು ಕಿರ್ ಅನ್ನುವ ಹಾಗೆ ಬಿಗಿಯುತ್ತದೆ. ಆ ಬಿಗಿತವೇ ವೆಲ್ಡಿಂಗಿನಲ್ಲೂ ಇರುವುದು. ಲೆಕ್ಕ ಹೇಳುವುದಾದರೆ ಒಂದು ಮೀಟರ್ ಕಬ್ಬಿಣ 100 ಡಿಗ್ರಿ ಕಾದರೆ 1.2 ಎಂ.ಎಂ. ಉದ್ದವಾಗುತ್ತದೆ. ರಾಡಿನ ಬಾಯಲ್ಲಿ ಕರಗುವ ಕಬ್ಬಿಣ ಸುಮಾರು 1500 ಡಿಗ್ರಿ. ಅದು ಆರುತ್ತಾ ಕುಗ್ಗುವಾಗ ಪಕ್ಕದ ತಣ್ಣನೆಯ ಕಬ್ಬಿಣವನ್ನು ತನ್ನ ಕಡೆ ಎಳೆಯುತ್ತದೆ. ಯಾವ ಮಗ್ಗುಲಿಗೆ ಬೆಸುಗೆ ಇದೆಯೋ ಆ ಮಗ್ಗುಲು ಗಿಡ್ಡಾಗುತ್ತದೆ, ಪಟ್ಟಿ ಆ ಕಡೆಗೆ ಬಾಗುತ್ತದೆ.

ಕೂರಿಗೆಯ ದಿಂಡಿಗೆ ತಾಳು ಹಿಡಿಯುವ ಕಟ್ಟುಗಳನ್ನೆಲ್ಲ ಕೆಳಗಿನಿಂದಲೇ ಬೆಸೆಯುತ್ತಾರೆ. ಐದೂ ಕಡೆ ಕೆಳಮಗ್ಗುಲು ಗಿಡ್ಡ. ಹಾಗಾಗಿ ದಿಂಡಿನ ತುದಿಗಳು ಕೆಳಗೆ ಇಳಿದು ನಡು ಮೇಲೇಳುತ್ತದೆ. ಬೆಸುಗೆ ಹೆಚ್ಚು ಹೊಡೆದಷ್ಟೂ ಎಳೆತ ಹೆಚ್ಚು. "ಗಟ್ಟಿ ಆಗ್ಲಿ" ಅಂದ ಮಾತಿನ ಫಲ ಇದು.

ಎಷ್ಟು ದಪ್ಪ ಬೇಕು?

ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಸೂತದ ಲೆಕ್ಕ. ಇಂಚಿನಲ್ಲಿ ಎಂಟನೇ ಒಂದು ಭಾಗ ಒಂದು ಸೂತ, ಅಂದರೆ ಸುಮಾರು 3 ಎಂ.ಎಂ. ಎರಡು ಪಟ್ಟಿ ಮೂಲೆಗೆ ಕೂಡಿದಲ್ಲಿ ಹೊಡೆದ ಬೆಸುಗೆ ತ್ರಿಕೋನದ ಹಾಗೆ ಕೂಡುತ್ತದೆ. ಮೂಲೆಯಿಂದ ಒಂದೊಂದು ಪಟ್ಟಿಯ ಮೇಲೆ ಅದು ಎಷ್ಟು ದೂರ ಬಂದಿದೆಯೋ ಅದೇ ಬೆಸುಗೆಯ ಅಳತೆ. ಆದರೆ ಭಾರ ಹೊರುವುದು ಮೂಲೆಯಿಂದ ಬೆಸುಗೆಯ ಮುಖಕ್ಕೆ ನೇರ ಇರುವ ಗಂಟಲು. ಅದು ಅಳತೆಯ ನೂರಕ್ಕೆ 70ರಷ್ಟು. 6 ಎಂ.ಎಂ. ಬೆಸುಗೆಗೆ ಗಂಟಲು 4.2.

ಈಗ ಮುಖ್ಯ ಮಾತು. ಬೆಸುಗೆಯನ್ನು 6ರಿಂದ 12 ಎಂ.ಎಂ.ಗೆ ಏರಿಸಿದರೆ ಗಂಟಲು ಎರಡು ಪಟ್ಟು ಆಗುತ್ತದೆ, ಶಕ್ತಿಯೂ ಎರಡು ಪಟ್ಟು. ಆದರೆ ತುಂಬಬೇಕಾದ ಕಬ್ಬಿಣ ನಾಲ್ಕು ಪಟ್ಟು! ಉದ್ದ-ಅಗಲ ಎರಡೂ ದುಪ್ಪಟ್ಟಾದಾಗ ಹೊಲದ ಕ್ಷೇತ್ರ ನಾಲ್ಕು ಪಟ್ಟಾಗುವ ಲೆಕ್ಕವೇ ಇದು. ರಾಡು ನಾಲ್ಕು ಪಟ್ಟು, ಕರೆಂಟು ನಾಲ್ಕು ಪಟ್ಟು, ಕಾವೂ ನಾಲ್ಕು ಪಟ್ಟು. ಸೊಟ್ಟಾಗುವುದೂ ಅದರ ಹಿಂದೆಯೇ ಬಂತು. ಅಷ್ಟು ಮಾಡಿದರೂ ಪಟ್ಟಿ ಎರಡೇ ಸೂತದ್ದಾದರೆ ಬೆಸುಗೆ ಉಳಿದು ಅದರ ಮಗ್ಗುಲಲ್ಲಿ ಪಟ್ಟಿ ಹರಿಯುತ್ತದೆ. ಧೋತರಕ್ಕೆ ಕಂಬಳಿಯ ತೇಪೆ ಹಚ್ಚಿದ ಹಾಗೆ.

ಶಕ್ತಿ ಹೆಚ್ಚು ಬೇಕು ಅನಿಸಿದರೆ ದಪ್ಪ ಏರಿಸಬೇಡ್ರಿ, ಉದ್ದ ಏರಿಸಿರಿ. ಎರಡು ಇಂಚಿನ ಬೆಸುಗೆ ನಾಲ್ಕು ಇಂಚಾದರೆ ಶಕ್ತಿ ಎರಡು ಪಟ್ಟು, ರಾಡೂ ಎರಡೇ ಪಟ್ಟು. ಜಾಗ ಇಲ್ಲದಿದ್ದರೆ ಮೂಲೆಗೆ ಒಂದು ತ್ರಿಕೋನದ ತುಂಡು ಕೂಡಿಸಿ. ಅದು ಎರಡು ಸುತ್ತು ಹೆಚ್ಚಿನ ವೆಲ್ಡಿಂಗಿಗಿಂತ ಮೇಲು.

ನಮ್ಮ ಸೋದರಳಿಯ ಇಟ್ಟುಕೊಂಡ ಲೆಕ್ಕ ಇಷ್ಟು. ಎರಡೂ ಮಗ್ಗುಲು ಬೆಸೆಯುವಂತಿದ್ದರೆ ತೆಳ್ಳಗಿನ ಪಟ್ಟಿಯ ಮುಕ್ಕಾಲು ಭಾಗ ಸಾಕು. ಎರಡು ಸೂತದ ಪಟ್ಟಿಗೆ ಎರಡೂ ಕಡೆ ಒಂದೂವರೆ ಸೂತ. 10 ಗೇಜಿನ ರಾಡು, ಅಂದರೆ 3.15 ಎಂ.ಎಂ. ರಾಡಿನಲ್ಲಿ, 90ರಿಂದ 130 ಆಂಪಿಯರ್ ಕರೆಂಟಿನಲ್ಲಿ ಒಂದೇ ಸಲಕ್ಕೆ ಇದು ಬರುತ್ತದೆ. ಎರಡನೇ ಸುತ್ತು ಬೇಕಾಗುವುದೇ ಇಲ್ಲ.

ಹಾಗಂತ ತೀರಾ ಸಣ್ಣದೂ ನಡೆಯುವುದಿಲ್ಲ. ಭಾರತೀಯ ಮಾನಕ ಸಂಸ್ಥೆಯ ನಿಯಮದಲ್ಲಿ ಕನಿಷ್ಠ ಅಳತೆ ಹೇಳಿದ್ದಾರೆ. ಕೂಡಿಸುವ ಎರಡರಲ್ಲಿ ದಪ್ಪಗಿನದು 10 ಎಂ.ಎಂ.ವರೆಗಿದ್ದರೆ ಬೆಸುಗೆ 3 ಎಂ.ಎಂ.ಗಿಂತ ಕಡಿಮೆ ಇರಬಾರದು. 10ರಿಂದ 20ರವರೆಗೆ 5, 20ರಿಂದ 32ರವರೆಗೆ 6. ದಪ್ಪ ಕಬ್ಬಿಣ ಕಾವನ್ನು ಗಬಕ್ಕನೆ ನುಂಗುತ್ತದೆ. ಅದರ ಮೇಲೆ ಎಳೆಯಷ್ಟು ಬೆಸುಗೆ ಹೊಡೆದರೆ ತಟ್ಟನೆ ಆರಿ, ಪೆಡಸಾಗಿ, ಕೂದಲಿನ ಹಾಗೆ ಸೀಳು ಬಿಡುತ್ತದೆ.

ಅಳೆಯುವುದು ಹೇಗೆ ಅಂತ ಕೇಳಬಹುದು. ವೆಲ್ಡಿಂಗ್ ಮಾಡುವ ಮೊದಲೇ ಮೂಲೆಯಿಂದ ಒಂದೂವರೆ ಸೂತ ದೂರಕ್ಕೆ ಎರಡೂ ಪಟ್ಟಿಯ ಮೇಲೆ ಚೂಪು ಮೊಳೆಯಿಂದ ಗೀರು ಎಳೆಯಿರಿ. ಬೆಸುಗೆ ಎರಡೂ ಗೀರು ಮುಟ್ಟಿ ನಿಲ್ಲಬೇಕು, ದಾಟಬಾರದು. ಓದು ಬಾರದವರೂ ಇದನ್ನು ನೋಡಿ ಹೇಳಬಹುದು.

ನೆಟ್ಟಗೆ ಉಳಿಸಲು

ಮೊದಲ ಕೆಲಸ ಕಟಿಂಗ್ ಸರಿ ಮಾಡುವುದು. ಗ್ಯಾಸಿನಲ್ಲಿ ಅಡ್ಡಾದಿಡ್ಡಿ ಕತ್ತರಿಸಿ, ಸಂದಿಯಲ್ಲಿ ಬೆರಳು ತೂರುವಷ್ಟು ಜಾಗ ಬಿಟ್ಟು, ಅದರಲ್ಲಿ ಹಳೇ ರಾಡಿನ ಕಡ್ಡಿ, ಸಳಿಯ ತುಂಡು ತುರುಕಿ ಮೇಲೆ ಬೆಸುಗೆ ಸವರುವವರನ್ನು ನೋಡಿದ್ದೇನೆ. ಮೇಲೆ ನುಣ್ಣಗೆ, ಒಳಗೆ ಪೊಳ್ಳು. ಇದಕ್ಕೆ ನಾನು ಮೋಸ ಅಂತಲೇ ಅನ್ನುತ್ತೇನೆ. ಸಂದಿ ಸಣ್ಣದಿದ್ದಷ್ಟು ತುಂಬುವ ಕಬ್ಬಿಣ ಕಡಿಮೆ, ಎಳೆತ ಕಡಿಮೆ. ಅರ್ಧ ತಾಸು ಗ್ರೈಂಡರ್ ಹಿಡಿದರೆ ಒಂದು ತಾಸಿನ ವೆಲ್ಡಿಂಗ್ ಉಳಿಯುತ್ತದೆ.

ಆಮೇಲೆ ಎಲ್ಲ ತುಂಡುಗಳನ್ನೂ ಮೊದಲು ಟಾಕಿ ಹೊಡೆದು ನಿಲ್ಲಿಸಬೇಕು. ಗುನ್ಯಾ ಹಚ್ಚಿ ನೋಡಬೇಕು. ಮೂಲೆಯಿಂದ ಮೂಲೆಗೆ ಹುರಿ ಹಿಡಿದು ಎರಡೂ ಕರ್ಣ ಸಮ ಇದೆಯೇ ಅಳೆಯಬೇಕು. ಅದಾದ ಮೇಲೆ ಪೂರ್ತಿ ಬೆಸುಗೆ. ನಮ್ಮಲ್ಲಿ ಹೆಚ್ಚಿನವರು ಒಂದು ತುದಿಯಿಂದ ಶುರು ಮಾಡಿ, ಕಳೆ ತೆಗೆದ ಹಾಗೆ ಸರಸರ ಇನ್ನೊಂದು ತುದಿಗೆ ಹೋಗಿಬಿಡುತ್ತಾರೆ. ಅದು ಬೇಡ. ನಡುವಿನ ತಾಳಿನಿಂದ ಶುರು ಮಾಡಿ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೋಗಬೇಕು. ದಿಂಡಿನ ಎರಡೂ ಮಗ್ಗುಲು ಬೆಸೆಯುವ ಹಾಗಿದ್ದರೆ ಈ ಮಗ್ಗುಲು ಒಂದು ತುಂಡು, ಹೊರಳಿಸಿ ಆ ಮಗ್ಗುಲು ಒಂದು ತುಂಡು. ಆಗ ಎರಡರ ಎಳೆತ ಒಂದಕ್ಕೊಂದು ತಡೆಯುತ್ತದೆ. ಉದ್ದ ಬೆಸುಗೆ ಇದ್ದರೆ ಎರಡೆರಡು ಇಂಚಿನ ತುಂಡು ಮಾಡಿ, ಮುಂದೆ ಹೋಗಿ ಹಿಂದಕ್ಕೆ ಎಳೆಯುತ್ತಾ ಬರಬೇಕು.

ಕೂರಿಗೆಯಲ್ಲಿ ಎರಡೂ ಮಗ್ಗುಲಿನ ಉಪಾಯ ನಡೆಯುವುದಿಲ್ಲ, ಎಲ್ಲ ಬೆಸುಗೆ ಕೆಳಗೇ. ಅದಕ್ಕೆ ಮೊದಲೇ ಎದುರು ಬಾಗಿಸಿ ಬಿಗಿಯಬೇಕು. ದಿಂಡನ್ನು ಕೆಳಮಗ್ಗುಲು ಮೇಲೆ ಬರುವಂತೆ ಹೊರಳಿಸಿ, ಗಟ್ಟಿ ತೊಲೆಯ ಮೇಲೆ ಇಟ್ಟು, ನಡುವೆ ಎರಡು ಸೂತದ ತುಂಡು ಕೊಟ್ಟು, ಎರಡೂ ತುದಿಗಳನ್ನು ಕ್ಲಾಂಪಿನಿಂದ ಕೆಳಗೆ ಬಿಗಿಯಿರಿ. ಬೆಸುಗೆ ತುದಿಗಳನ್ನು ಮೇಲಕ್ಕೆ ಎಳೆಯುವುದು, ಕೊಟ್ಟ ಬಾಗು ಅದನ್ನು ತಿನ್ನುವುದು. ಪೂರಾ ಆರಿದ ಮೇಲೆ ಕ್ಲಾಂಪ್ ಬಿಚ್ಚಬೇಕು. ಬಿಸಿ ಇದ್ದಾಗ ಬಿಚ್ಚಿದರೆ ಮಾಡಿದ್ದೆಲ್ಲ ವ್ಯರ್ಥ.

ಇದಕ್ಕಿಂತ ಸುಲಭದ್ದು ಇನ್ನೊಂದಿದೆ. ಇಬ್ಬರು ರೈತರು ಕೂಡಿ ಎರಡು ಕೂರಿಗೆ ಒಟ್ಟಿಗೆ ಮಾಡಿಸಲಿ. ಎರಡೂ ದಿಂಡುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕ್ಲಾಂಪ್ ಹಾಕಿ, ಇದಕ್ಕೊಂದು ಬೆಸುಗೆ, ಅದಕ್ಕೊಂದು ಬೆಸುಗೆ ಹೊಡೆಸಲಿ. ಒಂದು ಈ ಕಡೆ ಎಳೆದರೆ ಇನ್ನೊಂದು ಆ ಕಡೆ ಎಳೆಯುತ್ತದೆ. ಎರಡೂ ನೆಟ್ಟಗೆ ಬರುತ್ತವೆ. ಪೂರ್ತಿ ಆರಿದ ಮೇಲೆ ಬಿಚ್ಚಿದರೂ ಸ್ವಲ್ಪ ಬಾಗು ಉಳಿಯಬಹುದು, ಆದರೆ ಹೊಲಕ್ಕೆ ತೊಂದರೆ ಕೊಡುವಷ್ಟಲ್ಲ. ಬೀಗರ ಹೊಲದಲ್ಲಿ, ಮಗ್ಗುಲ ಹೊಲದಲ್ಲಿ ಕೂಡಿ ಬಿತ್ತುವವರು ನಾವು. ಕೂಡಿ ಕೂರಿಗೆ ಮಾಡಿಸಲು ಏನು ಅಡ್ಡಿ?

ಈಗಾಗಲೇ ಸೊಟ್ಟಾದದ್ದನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಲು ಹೋಗಬೇಡ್ರಿ, ಬೆಸುಗೆ ಸೀಳುತ್ತದೆ. ಯಾವ ಕಡೆ ಉಬ್ಬಿದೆಯೋ ಆ ಕಡೆ, ಅಂದರೆ ಬೆಸುಗೆಯ ಎದುರು ಮಗ್ಗುಲಲ್ಲಿ, ಗ್ಯಾಸಿನ ಉರಿಯಿಂದ ಮಂದ ಕೆಂಪು ಬರುವವರೆಗೆ ಕಾಯಿಸಿ ತಾನಾಗಿ ಆರಲು ಬಿಡಬೇಕು. ಕುಗ್ಗಿಸಿ ಕೆಡಿಸಿದ ಕಾವಿನಿಂದಲೇ ಕುಗ್ಗಿಸಿ ಸರಿ ಮಾಡುವುದು. ಸಾದಾ ಕಬ್ಬಿಣಕ್ಕೆ ಇದು ನಡೆಯುತ್ತದೆ.

ಲಾರಿ ಪಟ್ಟಿಯ ವಿಷಯ

ಹಳೇ ಲಾರಿಯ ಪಟ್ಟಿ ತಂದು ಕುಂಟೆಯ ಕುಡ, ಕೂರಿಗೆಯ ತಾಳಿಗೆ ಹಚ್ಚಿಸುವ ರೂಢಿ ನಮ್ಮಲ್ಲಿದೆ. ಸವೆಯುವುದಿಲ್ಲ, ನಿಜ. ಆದರೆ ಅದು ಬೇರೆ ಜಾತಿಯ ಕಬ್ಬಿಣ, ಅದರಲ್ಲಿ ಇಂಗಾಲ ಹೆಚ್ಚು. ಸಾದಾ ಪಟ್ಟಿಯ ಹಾಗೆ ಬೆಸೆದರೆ ಬೆಸುಗೆಯ ಪಕ್ಕದಲ್ಲಿ ಗಾಜಿನಷ್ಟು ಪೆಡಸಾಗುತ್ತದೆ. ಬೇಗ ಆರಲಿ ಅಂತ ನೀರು ಹೊಯ್ದರಂತೂ ಕೇಳಲೇಬೇಡ್ರಿ. ಹೊಲದಲ್ಲಿ ಒಂದು ಬೇರು ತಾಗಿದರೆ ಟಣ್ ಅಂತ ಹೋಗುತ್ತದೆ. ಬೆಸೆಯಲೇಬೇಕಾದರೆ ಮೊದಲು 200-300 ಡಿಗ್ರಿಗೆ ಕಾಯಿಸಿ, 7018 ಅನ್ನುವ ರಾಡನ್ನು ಬಿಸಿಯಲ್ಲಿ ಒಣಗಿಸಿ ಬಳಸಿ, ಆಮೇಲೆ ಬೂದಿಯಲ್ಲಿ ಹೂತು ರಾತ್ರಿಯೆಲ್ಲಾ ನಿಧಾನ ಆರಿಸಬೇಕು. ಇಷ್ಟು ಯಾರು ಮಾಡುತ್ತಾರೆ? ಅದಕ್ಕೆ ಪಟ್ಟಿಗೆ ಬೋಲ್ಟೇ ಸರಿ. ಸವೆದರೆ ಬದಲಿಸಲೂ ಬರುತ್ತದೆ.

ಬೋಲ್ಟಿನ ಕೂರಿಗೆಯೇ ಚಲೋ ಇತ್ತು ಅನ್ನುವ ಹಿರಿಯರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ವೆಲ್ಡಿಂಗ್ ಎಲ್ಲವನ್ನೂ ಒಂದೇ ತುಂಡು ಮಾಡುತ್ತದೆ. ಒಂದು ಕಡೆ ಸೀಳು ಬಿಟ್ಟರೆ ಅದಕ್ಕೆ ತಡೆ ಇಲ್ಲ. 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಹೊಸದಾಗಿ ವೆಲ್ಡಿಂಗಿನಿಂದ ಕಟ್ಟಿದ ಶೆನೆಕ್ಟಡಿ ಎಂಬ ಎಣ್ಣೆ ಹಡಗು ದಡದಲ್ಲಿ ನಿಂತಲ್ಲೇ ಎರಡು ಭಾಗ ಆಯಿತು. ಕೆಟ್ಟ ಬೆಸುಗೆ ಮತ್ತು ಪೆಡಸು ಕಬ್ಬಿಣ ಕೂಡಿದರೆ ಹಡಗಿಗೇ ಆ ಗತಿ.

ಟ್ರಾಲಿಯಲ್ಲಿ ಜೀವದ ಪ್ರಶ್ನೆ

ಕೂರಿಗೆ ಕೆಟ್ಟರೆ ಬೆಳೆ ಹೋದೀತು. ಟ್ರಾಲಿ ಹಾಗಲ್ಲ. ಕಾರ್ಖಾನೆ ಶುರುವಾದರೆ ಸಂಕೇಶ್ವರದ ಹಿರಣ್ಯಕೇಶಿ ಕಡೆ, ಘಟಪ್ರಭಾ ಕಡೆ ಎರಡೆರಡು ಟ್ರಾಲಿ ಕಟ್ಟಿಕೊಂಡು ಕಬ್ಬಿನ ಟ್ರ್ಯಾಕ್ಟರುಗಳು ರಾತ್ರಿಯೆಲ್ಲಾ ಓಡುತ್ತವೆ. ಅದೇ ರಸ್ತೆಯಲ್ಲಿ ನಮ್ಮ ಹುಡುಗರು ಸೈಕಲ್ ಮೇಲೆ ಶಾಲೆಗೆ ಹೋಗುತ್ತಾರೆ. ಟ್ರ್ಯಾಕ್ಟರಿಗೆ ಸಿಗಿಸುವ ಮುಂದಿನ ದಂಡಿ, ಹಿಂದಿನ ಹುಕ್ಕು, ಅಚ್ಚಿನ ಕಟ್ಟು, ಈ ಮೂರು ಕಡೆ ಬೆಸುಗೆ ಬಿಟ್ಟರೆ ಟನ್ನುಗಟ್ಟಲೆ ಕಬ್ಬು ತಾನೇ ದಾರಿ ನೋಡಿಕೊಳ್ಳುತ್ತದೆ.

ಟ್ರಾಲಿಯ ತಳದ ತಗಡಿಗೆ, ಪಕ್ಕದ ಹಲಗೆಗೆ ಎರಡು ಇಂಚು ಬೆಸುಗೆ, ನಾಲ್ಕು ಇಂಚು ಬಿಡು ಅನ್ನುವ ಹಾಗೆ ಹೊಡೆದರೆ ಸಾಕು. ತಗಡು ಉಬ್ಬುವುದಿಲ್ಲ. ಬಿಟ್ಟ ಸಂದಿಗೆ ಬಣ್ಣ ತುಂಬಬೇಕು, ಇಲ್ಲದಿದ್ದರೆ ನೀರು ಕೂತು ತುಕ್ಕು. ಆದರೆ ದಂಡಿ, ಹುಕ್ಕು, ಅಚ್ಚಿನ ಹತ್ತಿರ ಬಿಟ್ಟು ಬಿಟ್ಟು ಹೊಡೆಯಬಾರದು. ಅಲ್ಲಿ ದಿನಕ್ಕೆ ಸಾವಿರ ಸಲ ಜಗ್ಗಾಟ. ಬೆಸುಗೆ ನಿಂತ ತುದಿಯಲ್ಲೇ ಸೀಳು ಹುಟ್ಟುತ್ತದೆ. ಅಲ್ಲಿ ಬೆಸುಗೆ ಅಂಚಿಗೆ ಬಂದು ನಿಲ್ಲದೆ, ಮೂಲೆ ಸುತ್ತಿ ಅಳತೆಯ ಎರಡು ಪಟ್ಟು ಮುಂದೆ ಹೋಗಿ ನಿಲ್ಲಬೇಕು. ಪಕ್ಕದ ಪಟ್ಟಿಯಲ್ಲಿ ಕರೆಂಟು ಹೆಚ್ಚಾಗಿ ತಗ್ಗು ಬಿದ್ದಿದ್ದರೆ ಅದನ್ನೂ ಸರಿ ಮಾಡಿಸಬೇಕು. ಮುರಿದ ಅಚ್ಚನ್ನು ಬೆಸೆದು ಓಡಿಸುವವರಿಗೆ ನಾನು ಹೇಳುವುದು ಒಂದೇ: ಮಾಡಬೇಡ್ರಿ, ಹೊಸದು ಹಾಕಿಸಿರಿ.

ಇನ್ನು ಹಣದ ಮಾತು. ರಾಡು ಎಣಿಸಿ ಕೊಟ್ಟರೆ ಹೆಚ್ಚು ರಾಡು ಸುಡುತ್ತದೆ. ಕೆಜಿ ತೂಗಿ ಕೊಟ್ಟರೆ ಸಾಮಾನು ತೂಕ ಬರುತ್ತದೆ. ಎರಡರಲ್ಲೂ ನೆಟ್ಟಗಿರುವುದಕ್ಕೆ ಬೆಲೆ ಇಲ್ಲ. ಕಟಿಂಗ್, ಟಾಕಿ, ಕ್ಲಾಂಪು, ಆರಿಸುವ ಹೊತ್ತು ಇವಕ್ಕೆ ಯಾರೂ ಪೈಸೆ ಕೊಡುವುದಿಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲ. ವೆಲ್ಡಿಂಗ್ ಹುಡುಗರನ್ನು ಬೈದು ಪ್ರಯೋಜನ ಇಲ್ಲ. ಕಣ್ಣಿಗೆ ಸರಿಯಾದ ಕನ್ನಡಿ ಇಲ್ಲದೆ ದಿನವೆಲ್ಲಾ ಬೆಂಕಿ ಮುಂದೆ ಕೂಡುವವರು ಅವರು. ಪೂರಾ ಸಾಮಾನಿಗೆ ಒಂದು ದರ ಮಾತಾಡಿ, ಬೆಸುಗೆ ಎಷ್ಟು ಸೂತ ಅಂತ ಮೊದಲೇ ಹೇಳಿ, ಹುರಿ ಹಿಡಿದು ನೋಡಿದ ಮೇಲೆ ಹಣ ಕೊಡುವ ಪದ್ಧತಿ ಬರಬೇಕು. ಆರು ಅಡಿಗೆ ಒಂದು ಸೂತಕ್ಕಿಂತ ಹೆಚ್ಚು ಬಾಗಿದ್ದರೆ ವಾಪಸ್. ಬಾಡಿಗೆಗೆ ಕೂರಿಗೆ ತರುವವರೂ, ಅದು ಕೃಷಿ ಯಂತ್ರಧಾರೆಯದಿರಲಿ, ಊರಿನವರದ್ದಿರಲಿ, ಹೊಲಕ್ಕೆ ಒಯ್ಯುವ ಮೊದಲು ಎರಡು ನಿಮಿಷ ಹುರಿ ಹಿಡಿಯಲಿ.

ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಬೀಜ, ಗೊಬ್ಬರ, ರೋಗದ ತರಬೇತಿ ಕೊಡುತ್ತಾರೆ. ಅಲ್ಲಿ ವರ್ಷಕ್ಕೆ ಎರಡು ದಿನ ಸುತ್ತಲಿನ ವೆಲ್ಡಿಂಗ್ ಹುಡುಗರನ್ನೂ ಬಿತ್ತುವ ರೈತರನ್ನೂ ಒಟ್ಟಿಗೆ ಕೂಡಿಸಿ ಒಂದು ಕೂರಿಗೆ ಮಾಡಿ ತೋರಿಸಿದರೆ ಹೇಗೆ? ಗಣೇಶ ಚೌತಿಗೆ ಮೊದಲು, ಉತ್ತರಿ ಮಳೆ ಬರುವ ಮೊದಲು ಆಗಬೇಕು ಅದು.

ಟ್ರಾಲಿ ಇದ್ದವರು ಈಗಲೇ ಒಂದು ಕೆಲಸ ಮಾಡಬಹುದು. ಕಬ್ಬು ಹೇರುವ ಮೊದಲು ದಂಡಿ-ಹುಕ್ಕಿನ ಬೆಸುಗೆಯನ್ನು ತಂತಿ ಬ್ರಶ್ಶಿನಿಂದ ತಿಕ್ಕಿ, ಸೀಮೆಎಣ್ಣೆ ಇಲ್ಲವೇ ಡೀಸೆಲ್ ಹಚ್ಚಿ, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಚೊಕ್ಕ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿ. ಸೀಳು ಇದ್ದರೆ ಒಳಗೆ ಕೂತ ಎಣ್ಣೆ ಹೊರಗೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡರೆ ಅದರ ಮೇಲೆಯೇ ಮತ್ತೊಂದು ಸುತ್ತು ಹೊಡೆಸಬೇಡ್ರಿ. ಸೀಳು ಪೂರ್ತಿ ಹೋಗುವವರೆಗೆ ಗ್ರೈಂಡರಿನಿಂದ ತೆಗೆಸಿ, ಆಮೇಲೆ ಬೆಸೆಸಿರಿ.